ಟೋಪಿಯೊಳಗಿನ ಕೈ

ಓಟದಲ್ಲಿ ಮೊದಲು ಗುರಿ ಮುಟ್ಟಿದವರೇ ಗೆದ್ದವರು ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ಮಗಳ ಮನೆಗೆ ರಜೆಯಲ್ಲಿ ಹೋದಾಗ, ಈ ಮಾತು ಅಷ್ಟು ಸುಲಭದ್ದಲ್ಲ ಎಂದು ತಿಳಿಯಿತು.

ಭಾನುವಾರ ಬಂತೆಂದರೆ ನಮ್ಮ ಅಳಿಯನಿಗೆ ಹಾಯಿದೋಣಿಯ ಹುಚ್ಚು. ಅವನದು ಕ್ಯಾಟಮರಾನ್, ಅಂದರೆ ಎರಡು ಸಪೂರ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ದೋಣಿ. ಹೆಸರು ತಮಿಳಿನ ‘ಕಟ್ಟುಮರಂ’ನಿಂದ ಹೋದದ್ದು. ಕಟ್ಟೂ ಮರವೂ ನಮ್ಮಲ್ಲೂ ಇರುವುದರಿಂದ ನನಗದು ನೆಂಟರ ಮಾತಿನಂತೆಯೇ ಕೇಳಿಸಿತು.

ದಡದಲ್ಲಿ ಕೂತು ಪಂದ್ಯ ನೋಡಿದೆ. ಮೊದಲು ಬಂದ ದೋಣಿಗೆ ಬಹುಮಾನವಿಲ್ಲ! ಹತ್ತು ನಿಮಿಷ ತಡವಾಗಿ ಬಂದ ಹಳೆಯ ದೋಣಿ ಗೆದ್ದಿತೆಂದು ಹಲಗೆಯ ಮೇಲೆ ಬರೆದರು. “ಇದೆಂಥ ನ್ಯಾಯವಪ್ಪಾ?” ಎಂದೆ.

“ಅತ್ತೆ, ದೋಣಿ ದೋಣಿಗೂ ವ್ಯತ್ಯಾಸ ಇರುತ್ತಲ್ಲ, ಅದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ” ಎಂದು ಅವನು ವಿವರಿಸಿದ. ಉದ್ದವೂ ಹಾಯಿಯೂ ಹೆಚ್ಚಿದಷ್ಟು ವೇಗ, ತೂಕ ಹೆಚ್ಚಿದಷ್ಟು ನಿಧಾನ. ಇವನ್ನೆಲ್ಲ ಅಳೆದು ಸೂತ್ರಕ್ಕೆ ಹಾಕಿದರೆ ಪ್ರತಿ ದೋಣಿಗೂ ಒಂದು ರೇಟಿಂಗ್ ಬರುತ್ತದೆ. ತೆಗೆದುಕೊಂಡ ಸಮಯವನ್ನು ಅದರಿಂದ ಭಾಗಿಸುತ್ತಾರೆ. 1.00 ರೇಟಿಂಗಿನ ದೋಣಿ 60 ನಿಮಿಷಕ್ಕೆ ಬಂದರೆ ಅದರ ಲೆಕ್ಕ 60. 1.20ರ ದೋಣಿ 70 ನಿಮಿಷಕ್ಕೆ ಬಂದರೂ ಅದರ ಲೆಕ್ಕ 58 ನಿಮಿಷ 20 ಸೆಕೆಂಡು. ಗೆದ್ದದ್ದು ಎರಡನೆಯದು.

ಯಾರಾದರೂ ಹಳೆಯ ದೋಣಿಗೆ ಮುಂದುಗಡೆ ಬಲೂನಿನಂತೆ ಉಬ್ಬುವ ಸ್ಪಿನೇಕರ್ ಹಾಯಿ ಕಟ್ಟಿಕೊಂಡರೆ? ಅದನ್ನು ತಿಳಿಸಿ, ಹೊಸದಾಗಿ ಅಳತೆ ಮಾಡಿಸಿ, ರೇಟಿಂಗ್ ಇಳಿಸಿಕೊಳ್ಳಬೇಕು. ತೆಪ್ಪಗಿದ್ದರೆ ಅದು ಕಳ್ಳತನವೇ. ಪೋರ್ಟ್ಸ್‌ಮತ್ ಊರಿನ ಹೆಸರಿನ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಹಿಂದಿನ ಪಂದ್ಯಗಳ ಫಲಿತಾಂಶ ನೋಡಿ ಅಂಕಿ ಗೊತ್ತುಮಾಡುತ್ತಾರೆ. ಆದರೆ ಒಂದು ಜಾತಿಯ ದೋಣಿಯನ್ನು ನಿಪುಣರೇ ನಡೆಸುತ್ತಿದ್ದರೆ, ಅವರ ಜಾಣತನವೂ ದೋಣಿಯ ಲೆಕ್ಕಕ್ಕೇ ಸೇರಿಬಿಡುತ್ತದೆ. ಮಾರ್ಪಾಟು ಮಾಡಿಕೊಂಡ ಒಂಟಿ ದೋಣಿಗಂತೂ ನೋಡಲು ಹಿಂದಿನ ಫಲಿತಾಂಶವೇ ಇರುವುದಿಲ್ಲ.

ಇದಕ್ಕೆಲ್ಲ ‘ಹ್ಯಾಂಡಿಕ್ಯಾಪ್’ ಎನ್ನುತ್ತಾರೆ. ನಾವು ಅಂಗವಿಕಲರಿಗೆ ಅಂಟಿಸಿದ್ದ ಅದೇ ಪದ. ಅದರ ಮೂಲ ‘ಟೋಪಿಯೊಳಗೆ ಕೈ’ ಎಂಬುದು, 17ನೇ ಶತಮಾನದ ಒಂದು ವಿನಿಮಯದಾಟ. ಇಬ್ಬರು ವಸ್ತು ಬದಲಿಸಿಕೊಳ್ಳುವಾಗ, ಕಡಿಮೆ ಬೆಲೆಯದಕ್ಕೆ ಎಷ್ಟು ಹಣ ಸೇರಿಸಬೇಕೆಂದು ಮೂರನೆಯವನು ಹೇಳುತ್ತಿದ್ದ. ಇಬ್ಬರೂ ಟೋಪಿಯಲ್ಲಿ ಕೈಯಿಟ್ಟು ತೆಗೆದು ಒಪ್ಪಿಗೆ ತಿಳಿಸುತ್ತಿದ್ದರು. ಮುಂದೆ ಕುದುರೆ ಪಂದ್ಯದಲ್ಲಿ ಬಲವಾದ ಕುದುರೆಯ ಮೇಲೆ ಹೆಚ್ಚು ಭಾರ ಹೊರಿಸಿದಾಗಲೂ ಇದೇ ಹೆಸರು ಬಂತು. ಹಾಗಾದರೆ ಹ್ಯಾಂಡಿಕ್ಯಾಪ್ ಎಂದರೆ ಬಲಹೀನರ ಕೊರತೆಯಲ್ಲ, ಬಲವಿದ್ದವರು ಒಪ್ಪಿ ಹೊತ್ತ ಭಾರ!

ಇದನ್ನು ಕೇಳುತ್ತಾ ನನಗೆ ನನ್ನದೇ ತಪ್ಪೊಂದು ನೆನಪಾಯಿತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನಸುಕಿನಲ್ಲೆದ್ದು ಅಮ್ಮನ ಜೊತೆ ನಾಲ್ಕು ಮನೆ ಕಸಮುಸುರೆ ಮುಗಿಸಿ ಶಾಲೆಗೆ ಬರುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕರುಳು ಚುರುಕ್ ಎಂದು ಅವಳ ಉತ್ತರಪತ್ರಿಕೆಗೆ ಸದ್ದಿಲ್ಲದೆ ಐದು ಅಂಕ ಸೇರಿಸಿದೆ. ಮರುದಿನ ಅವಳು ಪತ್ರಿಕೆ ಹಿಡಿದು ನನ್ನ ಮೇಜಿನ ಬಳಿ ಬಂದಳು. “ಟೀಚರ್, ಕೂಡೋದು ತಪ್ಪಾಗಿದೆ. ಐದು ಜಾಸ್ತಿ ಬಂದಿದೆ” ಎಂದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ.

ನಾನು ಮಾಡಿದ್ದಕ್ಕೂ ದೋಣಿಯವರು ಮಾಡುವುದಕ್ಕೂ ವ್ಯತ್ಯಾಸವೇನು? ಅವರದು ಪಂದ್ಯಕ್ಕೆ ಮೊದಲೇ ಎಲ್ಲರಿಗೂ ಗೊತ್ತಿರುವ ಅಳತೆ. ನನ್ನದು ಪಂದ್ಯ ಮುಗಿದ ಮೇಲೆ ಗುಟ್ಟಾಗಿ ಹಾಕಿದ ಭಿಕ್ಷೆ. ಬಹಿರಂಗವಾಗಿ ಕೊಟ್ಟದ್ದನ್ನು ತಲೆಯೆತ್ತಿ ತೆಗೆದುಕೊಳ್ಳಬಹುದು. ಗುಟ್ಟಿನದು ಕೊಟ್ಟವಳನ್ನೂ ಪಡೆದವಳನ್ನೂ ಸಣ್ಣವರನ್ನಾಗಿಸುತ್ತದೆ.

ಆದರೂ ಪ್ರಶ್ನೆ ಮುಗಿಯಲಿಲ್ಲ. ಆ ಸೂತ್ರ ದೋಣಿಯನ್ನಷ್ಟೇ ಅಳೆಯುತ್ತದೆ, ನಡೆಸುವವನ ಕೌಶಲವನ್ನು ಮುಟ್ಟುವುದಿಲ್ಲ. ಅದನ್ನೂ ಸರಿದೂಗಿಸಿದರೆ ಎಲ್ಲರೂ ಒಟ್ಟಿಗೇ ದಡ ಸೇರಬೇಕಾಗುತ್ತದೆ, ಪಂದ್ಯವೇ ಉಳಿಯುವುದಿಲ್ಲ. ಆದರೆ ಬದುಕಿನಲ್ಲಿ ದೋಣಿ ಯಾವುದು, ನಡೆಸುವವರು ಯಾರು? ಆ ಹುಡುಗಿಯ ನಿದ್ದೆಗಣ್ಣು, ಬರಿಹೊಟ್ಟೆ ಅವಳ ದೋಣಿ ಎನ್ನೋಣ. ಅವಳ ಹಟ? ಅದೂ ಆ ಕಷ್ಟದಲ್ಲೇ ಹುಟ್ಟಿದ್ದಲ್ಲವೇ? ಇದನ್ನು ಅಳೆಯುವ ಕೋಲು ನನ್ನ ಕೈಯಲ್ಲಿಲ್ಲ.

ಅಳೆಯಲಾಗದಿದ್ದರೂ ಪಂದ್ಯಕ್ಕೆ ಮೊದಲು ಹಾಯಿ ಕಟ್ಟಿಕೊಡಬಹುದಲ್ಲ? ಊರಿಗೆ ಬಂದ ಮೇಲೆ ಸಂಜೆ ಒಂದು ಗಂಟೆ ತರಗತಿಯ ಬಾಗಿಲು ತೆರೆದಿಡುತ್ತಿದ್ದೇನೆ. ಮನೆಯಲ್ಲಿ ಓದಲು ಜಾಗ, ಹೊತ್ತು ಇಲ್ಲದವರು ಬಂದು ಕೂರುತ್ತಾರೆ. ಯಾರು ಬೇಕಾದರೂ ಬರಬಹುದು, ಗುಟ್ಟೇನಿಲ್ಲ. ಅಂಕವನ್ನು ಮಾತ್ರ ಅವರವರು ಬರೆದಷ್ಟೇ ಕೊಡುತ್ತೇನೆ.