ಚೀಲದೊಳಗಿನ ಎರಡು ಕಲ್ಲು



ಪವಿತ್ರ ಬೈಬಲನ್ನು ಓದುವಾಗ ಕೆಲವು ಪದಗಳನ್ನು ನಾವು ದಾಟಿ ಹೋಗುತ್ತೇವೆ. ಏಫಾ, ಓಮೆರ್, ಹೋಮೆರ್, ಶೆಕೆಲ್ ಇಂಥವು. ಹಳೆಯ ಕಾಲದ ಲೆಕ್ಕ, ನಮಗೇಕೆ ಎಂದು ಪುಟ ಮಗುಚುತ್ತೇವೆ. ಆದರೆ ಹೊಸದುರ್ಗದ ಕಡೆಯ ಒಬ್ಬ ಹಿರಿಯ ರೈತರಿಗೆ ಇವುಗಳ ಅರ್ಥ ಬಿಡಿಸಿ ಹೇಳಿ ನೋಡಿ, ಅವರಿಗೆ ಯಾವುದೂ ಹೊಸದೆನಿಸುವುದಿಲ್ಲ. ಪಾವು, ಸೇರು, ಕೊಳಗ, ಖಂಡುಗ ಎಂದು ಅಳೆದು ಬದುಕಿದವರು ಅವರು. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂತು ನಿಜ. ಹೂವು ಮಾರುವಾಕೆ ಮಾತ್ರ ಇಂದಿಗೂ ಮೊಳದಲ್ಲೇ ಅಳೆಯುತ್ತಾಳೆ. ಯಾರ ಕೈಯ ಮೊಳ ಎಂಬ ಜಗಳವೂ ಇದ್ದದ್ದೇ!

ಇಸ್ರಯೇಲರ ಮೊಳವೂ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವೇ. ಅದರ ಅರ್ಧ ಒಂದು ಗೇಣು. ಜೆರುಸಲೇಮಿನಲ್ಲಿ ಬಂಡೆ ಕೊರೆದು ಸಿಲೋವ ಕೊಳಕ್ಕೆ ನೀರು ತಂದ ಸುರಂಗವೊಂದಿದೆ. 1880ರಲ್ಲಿ ದೊರೆತ ಅದರ ಶಾಸನವು 1,200 ಮೊಳ ಎನ್ನುತ್ತದೆ. ಇಂದಿನ ಅಳತೆಯಲ್ಲಿ ಸುರಂಗ ಸುಮಾರು 533 ಮೀಟರ್, ಅಂದರೆ ಮೊಳಕ್ಕೆ 44 ಸೆಂಟಿಮೀಟರ್ ಚಿಲ್ಲರೆ. ಮುತ್ತಿಗೆಯ ಕಾಲದಲ್ಲಿ ಕೋಟೆಯೊಳಗಿನ ನೀರಿಗೆ ಎಷ್ಟು ಬೆಲೆ ಎಂಬುದನ್ನು ಚಿತ್ರದುರ್ಗದ ಹೊಂಡಗಳನ್ನು ಕಂಡವರಿಗೆ ಹೇಳಬೇಕಿಲ್ಲ.

ಇನ್ನು ಧಾನ್ಯದ ಅಳತೆ. ಏಫಾ ಎಂದರೆ ಸುಮಾರು 22 ಲೀಟರ್. ಅದರ ಹತ್ತನೆಯ ಒಂದು ಪಾಲು ಓಮೆರ್, ಹೆಚ್ಚುಕಡಿಮೆ ನಮ್ಮ ಎರಡು ಸೇರು. ಮರುಭೂಮಿಯಲ್ಲಿ ತಲೆಗೊಂದು ಓಮೆರ್ ಮನ್ನ ಸಿಕ್ಕಿತು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಹತ್ತು ಏಫಾ ಸೇರಿದರೆ ಹೋಮೆರ್, ಒಂದು ಕತ್ತೆ ಹೊರುವಷ್ಟು ಹೊರೆ. ನಮ್ಮಲ್ಲಿ ಖಂಡುಗ ಬೀಜವರಿ ಭೂಮಿ ಎನ್ನುವಂತೆಯೇ ಯಾಜಕಕಾಂಡದಲ್ಲಿ ಹೊಲದ ಬೆಲೆಯನ್ನು ಬಿತ್ತುವ ಬೀಜದಿಂದ ಕಟ್ಟುತ್ತಾರೆ: ಒಂದು ಹೋಮೆರ್ ಜವೆಗೋಧಿ ಬಿತ್ತುವ ಹೊಲಕ್ಕೆ 50 ಶೆಕೆಲ್ ಬೆಳ್ಳಿ. ಹೊಲಕ್ಕೆ ಹೊಲ ಸೇರಿಸಿ ಬಡವರನ್ನು ಹೊರದಬ್ಬಿದವರಿಗೆ ಪ್ರವಾದಿ ಯೆಶಾಯ ಕೊಟ್ಟ ಎಚ್ಚರಿಕೆ ಈಗ ಅರ್ಥವಾದೀತು. ಹೋಮೆರ್ ಬಿತ್ತಿದರೆ ಏಫಾ ಬೆಳೆ! ಬಿತ್ತಿದ್ದರಲ್ಲಿ ಹತ್ತನೆಯ ಒಂದು ಪಾಲು. 1933ರಲ್ಲಿ ತುಂಬಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಹಿರಿಯೂರಿನವರಿಗೆ, ಬಿತ್ತಿದ ಬೀಜವೂ ಕೈಗೆ ಬಾರದ ವರ್ಷ ಎಂದರೇನೆಂದು ಗೊತ್ತು.

ತೂಕಕ್ಕೆ ಹೀಬ್ರೂ ಭಾಷೆಯಲ್ಲಿ ಬಳಸುವ ಮಾತು 'ಕಲ್ಲು'. ನಮ್ಮ ಅಂಗಡಿಗಳಲ್ಲೂ ತೂಕದ ಕಲ್ಲು ಎಂದೇ ಹೇಳುತ್ತಿದ್ದೆವು. ಯೂದಾಯದ ನೆಲವನ್ನು ಅಗೆದಾಗ ಗುಮ್ಮಟದಾಕಾರದ ಸಣ್ಣ ಸುಣ್ಣಕಲ್ಲುಗಳು ಸಿಕ್ಕಿವೆ; ಶೆಕೆಲ್ ಒಂದಕ್ಕೆ ಸುಮಾರು 11 ಗ್ರಾಂ. ವ್ಯಾಪಾರಿ ಇವನ್ನು ಚೀಲದಲ್ಲಿಟ್ಟು ಒಯ್ಯುತ್ತಿದ್ದ. ಅದೇ ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ಕಲ್ಲಿರಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ಕೊಳ್ಳಲು ಒಂದು, ಮಾರಲು ಇನ್ನೊಂದು! ಮನೆಯಲ್ಲಿ ಎರಡು ಬಗೆಯ ಏಫಾ ಇರುವುದನ್ನೂ ಅದು ನಿಷೇಧಿಸುತ್ತದೆ. 'ಮನೆಯಲ್ಲಿ' ಎಂಬ ಮಾತನ್ನು ಗಮನಿಸಿ. ಸಬ್ಬತ್ ಯಾವಾಗ ಮುಗಿದೀತು, ಏಫಾವನ್ನು ಕಿರಿದು ಮಾಡಿ ಶೆಕೆಲನ್ನು ಹಿರಿದು ಮಾಡೋಣ ಎಂದು ಪೂಜೆಯ ದಿನವೇ ತವಕಿಸುವವರನ್ನು ಆಮೋಸ ಕಂಡಿದ್ದ.

ಯಾಜಕಕಾಂಡದ 19ನೇ ಅಧ್ಯಾಯ ನೆರೆಯವನನ್ನು ಪ್ರೀತಿಸೆಂದು ಆಜ್ಞಾಪಿಸುವ ಅಧ್ಯಾಯ. ಸರಿಯಾದ ತಕ್ಕಡಿಯ ಆಜ್ಞೆಯೂ ಅಲ್ಲೇ ಇದೆ. ಅದನ್ನು ಕೊಟ್ಟೊಡನೆ ಸರ್ವೇಶ್ವರ ಈಜಿಪ್ಟನ್ನು ನೆನಪಿಸುತ್ತಾರೆ. ತಕ್ಕಡಿಗೂ ಈಜಿಪ್ಟಿಗೂ ಏನು ಸಂಬಂಧ? ಅಲ್ಲಿ ಈ ಜನ ಇಟ್ಟಿಗೆ ಮಾಡಿದವರು. ಹುಲ್ಲು ಕೊಡುವುದು ನಿಂತರೂ ಇಟ್ಟಿಗೆಯ ಲೆಕ್ಕ ಇಳಿಯಲಿಲ್ಲ, ಲೆಕ್ಕ ತಪ್ಪಿದರೆ ಏಟು. ಅಳತೆ ದಣಿಯ ಕೈಯಲ್ಲಿದ್ದರೆ ದುಡಿಯುವವನ ಗತಿ ಏನೆಂದು ಅವರ ಬೆನ್ನಿಗೆ ಗೊತ್ತಿತ್ತು.

ಇಂದು ತಕ್ಕಡಿ ಎಲೆಕ್ಟ್ರಾನಿಕ್ ಆಗಿದೆ, ಕಲ್ಲುಗಳಿಲ್ಲ. ಆದರೂ ಈರುಳ್ಳಿಗೆ ತೇವ, ಶೇಂಗಾಕ್ಕೆ ಮಣ್ಣು, ಅಡಿಕೆಗೆ ಚೀಲ ಎಂದು ಬಾಯಿಮಾತಿನಲ್ಲೇ ಕಿಲೋ ಕಳೆಯುವ ಖರೀದಿದಾರರು ಹೊಳಲ್ಕೆರೆಯಲ್ಲೂ ಇರಬಹುದು, ಎಲ್ಲಿಯೂ ಇರಬಹುದು. ಅವರನ್ನು ಬೈಯುವುದು ಸುಲಭ. ನಮ್ಮದೇ ಹೊಲದಲ್ಲಿ ಶೇಂಗಾ ಬಿಡಿಸುವ ಹೆಂಗಸಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ ಕೊಡುವಾಗ ಡಬ್ಬವನ್ನು ಗೋಪುರದಂತೆ ತುಂಬಿಸಿಕೊಂಡು, ಆಕೆಗೆ ಕಾಳು ಕೊಡುವಾಗ ಅದೇ ಡಬ್ಬದ ತಲೆ ಸವರುತ್ತೇವೆಯೇ? ಮಗಳ ತಪ್ಪಿಗೊಂದು ಅಳತೆ, ಸೊಸೆಯ ತಪ್ಪಿಗೆ ಇನ್ನೊಂದು ಇದೆಯೇ? ಅವೂ ಮನೆಯೊಳಗಿನ ಎರಡು ಏಫಾಗಳೇ.

ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ರೈತರು ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಾರೆ. ಪ್ರಭು ಯೇಸು ಕಂಡದ್ದೂ ಅಂಥದೇ ಒಂದು ಅಳತೆ. ಲೂಕನ ಶುಭಸಂದೇಶದಲ್ಲಿ ಅವರು ಚಿತ್ರಿಸುವುದು ಒತ್ತಿ, ಅಲುಗಿಸಿ, ತುಂಬಿ ಮಡಿಲಿಗೆ ಸುರಿಯುವ ಅಳತೆಯನ್ನು.

ಬೆತ್ಲೆಹೇಮಿನ ಹೊಲದಲ್ಲಿ ವಿಧವೆ ರೂತಳು ಹಕ್ಕಲು ಆಯ್ದಳು. ಪರದೇಶದ ಹೆಣ್ಣು. ಆಕೆಗಾಗಿ ಸಿವುಡಿನಿಂದ ತೆನೆ ಎಳೆದು ಬೀಳಿಸಿರೆಂದು ಹೊಲದ ಒಡೆಯ ಬೋವಜ ಆಳುಗಳಿಗೆ ಹೇಳಿದ್ದನು. ಸಂಜೆ ಬಡಿದು ನೋಡಿದರೆ ಸುಮಾರು ಒಂದು ಏಫಾ ಜವೆಗೋಧಿ. ಹಕ್ಕಲಲ್ಲಿ ಅಷ್ಟು ಸಿಗುವುದಿಲ್ಲ ಎಂದು ಅತ್ತೆ ನವೊಮಿಗೆ ಗೊತ್ತು. ಆಕೆ ಆ ಹೊರೆಯನ್ನು ನೋಡಿದಳು. ಇಂದು ಎಲ್ಲಿ ಆಯ್ದೆ ಎಂದು ಕೇಳಿದಳು. ಸೊಸೆ ಹೆಸರು ಹೇಳುವ ಮೊದಲೇ ಆ ಮನುಷ್ಯನನ್ನು ಹರಸಿದಳು.