ಅವರು ನೋಡುತ್ತಿರುವುದು ಯಾರನ್ನು?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನೆಲೆನಿಂತ ಡೇನಿಷ್ ಕುಟುಂಬಗಳ ಪಟಗಳಲ್ಲಿ ನಮ್ಮನ್ನು ಮೊದಲು ತಡೆದು ನಿಲ್ಲಿಸುವುದು ಕಣ್ಣುಗಳು. ಅಪ್ಪನ ಕರಿ ಕೋಟು, ಕೊರಳಿನವರೆಗೂ ಗುಂಡಿ ಹಾಕಿದ ಅಮ್ಮನ ಉಡುಪು, ಮಕ್ಕಳ ದೊಗಲೆ ಬೂಟು ಎಲ್ಲವೂ ಸ್ಪಷ್ಟ. ಕಣ್ಣಾಲಿಗಳು ಮಾತ್ರ ಬಿಳಿಚಿಕೊಂಡು, ಈ ಲೋಕದವರದಲ್ಲವೇನೋ ಎನ್ನುವ ಹಾಗಿರುತ್ತವೆ. ಕಾರಣ ಕೇಳಿದರೆ ನಗು ಬರುತ್ತದೆ. ಆ ಕಾಲದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಬಲು ಚುರುಕು, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ಆಕಾಶದ ನೀಲಿಯ ಹಾಗೆ ಕಣ್ಣಿನ ನೀಲಿಯೂ ಬೆಳ್ಳಗೆ ಮೂಡುತ್ತಿತ್ತು. ಬಿಸಿಲಿಗೆ ಕೆಂಪೇರಿದ ಕೆನ್ನೆ ಕಪ್ಪಿಡುತ್ತಿತ್ತು. ಮೂವತ್ತರ ರೈತ ಐವತ್ತರವನಂತೆ ಕಾಣುವುದಕ್ಕೆ ದುಡಿಮೆಯ ಜೊತೆ ರಸಾಯನವೂ ಕೈಜೋಡಿಸಿದೆ. ಇಷ್ಟು ಗೊತ್ತಾದ ಮೇಲೂ ಆ ನೋಟದೆದುರು ನಿರಾಳವಾಗಿ ಕೂರಲು ಆಗುವುದಿಲ್ಲ. ಅವರು ನಮ್ಮನ್ನು ಬೇರೆ ಯಾರೋ ಎಂದುಕೊಂಡು ನೋಡುತ್ತಿದ್ದಾರೆ ಅನ್ನಿಸುತ್ತದೆ.

ಪಟ ಮೂಡಿರುವ ಕಾಗದವೂ ಒಂದು ಸೋಜಿಗವೇ. ಕೋಳಿಮೊಟ್ಟೆಯ ಬಿಳಿಗೆ ಉಪ್ಪು ಬೆರೆಸಿ ಕಡೆದು ತೆಳುಗಾಗದಕ್ಕೆ ಬಳಿಯುತ್ತಿದ್ದರು. ಮೇಲೆ ಬೆಳ್ಳಿಯ ಲವಣ ಹಚ್ಚಿ, ಫಲಕದ ಕೆಳಗಿಟ್ಟು ಬಿಸಿಲಿಗೆ ಒಡ್ಡುತ್ತಿದ್ದರು. ಆ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆಂದು ದಪ್ಪ ರಟ್ಟಿಗೆ ಅಂಟಿಸುವುದು ರೂಢಿ. ಅಂಗೈಗಿಂತ ತುಸು ದೊಡ್ಡದಾದ ಆ ರಟ್ಟಿಗೆ ಕ್ಯಾಬಿನೆಟ್ ಕಾರ್ಡ್ ಎಂದು ಹೆಸರು. ಇಂದು ಅದು ಹಳದಿಗಟ್ಟಿರುವುದಕ್ಕೆ ಆ ಮೊಟ್ಟೆಯೇ ಬಹುಮಟ್ಟಿಗೆ ಕಾರಣ. ಡೆನ್ಮಾರ್ಕಿನ ಜಟ್ಲ್ಯಾಂಡಿನ ಮರಳುನೆಲದಲ್ಲಿ ಹುಟ್ಟಿದ ಹೆಂಗಸೊಬ್ಬಳ ಮುಖಕ್ಕೆ ಅಮೆರಿಕದ ನೆಬ್ರಾಸ್ಕದ ಬೆಳಕು ತಾಗಿ, ಅಲ್ಲಿಂದ ಹೊರಳಿ ಬೆಳ್ಳಿಯ ಮೇಲೆ ಬಿತ್ತು. ಚಿತ್ರಕಾರ ನೋಡಿ, ನೆನೆದು, ಬರೆದದ್ದಲ್ಲ ಇದು. ಆಕೆಯ ಮುಖವೇ ಬಂದು ಗಾಜನ್ನು ಮುಟ್ಟಿ ಹೋಗಿದೆ. ಬಗಲಿನ ಕೂಸು ಆಗ ತಲೆ ಅಲ್ಲಾಡಿಸಿತು. ಅದರ ಮುಖ ಮಸುಕಾಗಿ, ಆ ಅಲ್ಲಾಟವೂ ಉಳಿದುಬಿಟ್ಟಿದೆ. ದೊಡ್ಡವರು ಅಲುಗಾಡದಂತೆ ತಲೆಯ ಹಿಂದೆ ಆನಿಕೆಯ ಕಬ್ಬಿಣದ ಕಂಬ ನಿಲ್ಲಿಸುತ್ತಿದ್ದರು. ಹುಡುಕಿದರೆ ಕೆಲವು ಪಟಗಳಲ್ಲಿ ಅಪ್ಪನ ಬೂಟಿನ ಹಿಂದೆ ಆ ಕಂಬದ ಕಾಲು ಇಣುಕುತ್ತಿರುತ್ತದೆ.

ರಟ್ಟಿನ ಅಂಚಿನಲ್ಲಿ ಹೊನ್ನಿನ ಬಣ್ಣದ ಅಕ್ಷರಗಳಿರುತ್ತವೆ: ಸ್ಟುಡಿಯೊದವನ ಹೆಸರು, ಊರು. ಕೂತವರ ಹೆಸರು ಎಷ್ಟೋ ಪಟಗಳಲ್ಲಿ ಎಲ್ಲೂ ಇಲ್ಲ, ತೆಗೆದವನದು ಮಾತ್ರ ಇಂದಿಗೂ ಮಿರುಗುತ್ತಿದೆ. ವ್ಯಾಪಾರಿಗೆ ಮುಂದಾಲೋಚನೆ ಜಾಸ್ತಿ.

ಇವರೆಲ್ಲ ಹೊರಟದ್ದೇಕೆ ಎಂಬುದು ಬಹಳಷ್ಟು ಬರೆದಾಗಿರುವ ಕಥೆ. ಜನ ಹೆಚ್ಚಿದರು, ಹೊಲ ಹೆಚ್ಚಲಿಲ್ಲ. ಕಿರಿಯ ಮಗನಿಗೂ ಕೂಲಿಯವನಿಗೂ ಸ್ವಂತ ನೆಲ ಕನಸಿನ ಮಾತಾಯಿತು. ಪ್ರಷ್ಯದ ಎದುರಿನ 1864ರ ಯುದ್ಧದಲ್ಲಿ ಸೋತು ಡೆನ್ಮಾರ್ಕ್ ಶ್ಲೆಸ್ವಿಗ್ ಸೀಮೆಯನ್ನು ಕಳೆದುಕೊಂಡಾಗ, ಅಲ್ಲಿಯ ಡೇನಿಷ್ ಹುಡುಗರು ಪ್ರಷ್ಯದ ಸೈನ್ಯ ಸೇರಬೇಕಾಯಿತು. ಬೇಡವೆಂದು ಹಡಗು ಹತ್ತಿದವರು ಸಾವಿರಾರು. ಆ ಕಡೆ 1862ರ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಕೊಡುತ್ತೇನೆ ಅನ್ನುತ್ತಿತ್ತು. 1882 ಒಂದೇ ವರ್ಷದಲ್ಲಿ 11,000ಕ್ಕೂ ಹೆಚ್ಚು ಡೇನರು ಅಮೆರಿಕದ ದಾರಿ ಹಿಡಿದರು. ಮೊದಲು ಹೋದವರು ಹಿಂದಿನವರಿಗೆ ಟಿಕೀಟು ಕಳಿಸಿದರು, ಕಾಗದ ಬರೆದರು, ಕಾಗದದ ಮಡಿಕೆಯಲ್ಲಿ ಪಟ ಇಟ್ಟರು.

ಆ ಪಟ ತೆಗೆಸಿದ್ದು ಗೋಡೆಗೆಂದಲ್ಲ, ಮೊಮ್ಮಕ್ಕಳಿಗೆಂದೂ ಅಲ್ಲ. ಮರಳಿ ಬರುವ ಹಣ, ಕಾಲ ಎರಡೂ ಇಲ್ಲದವರು ಊರಿನಲ್ಲಿ ಉಳಿದ ತಾಯಿಯೊಬ್ಬಳಿಗಾಗಿ ತೆಗೆಸಿದ್ದು. ಚೆನ್ನಾಗಿದ್ದೇವೆ ಎಂದು ಕಾಗದದಲ್ಲಿ ಯಾರು ಬೇಕಾದರೂ ಬರೆದಾರು; ತಾಯಿ ನಂಬಬೇಕಲ್ಲ. ಅದಕ್ಕೇ ಆ ಕೋಟು, ಆ ನೇರ ಬೆನ್ನು. ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ 1886ರಿಂದ ಊರೂರು ತಿರುಗಿ ಪಟ ತೆಗೆದ ಸಾಲೊಮನ್ ಬುಚರ್‌ನ ಸಂಗ್ರಹದಲ್ಲಿ ಒಂದು ಕುಟುಂಬವಿದೆ. ಡೇನರಲ್ಲ, ಆದರೂ ಸಂಗತಿ ಅದೇ. ತಾವು ವಾಸವಿದ್ದ ಹುಲ್ಲುಹೆಂಟೆಯ ಮನೆ ದೂರದ ನಂಟರಿಗೆ ಕಾಣಬಾರದೆಂದು ಅವರು ಮನೆಯೊಳಗಿನ ಆರ್ಗನ್ ವಾದ್ಯವನ್ನು ಬಯಲಿಗೆ ಹೊರಿಸಿ, ಅದರ ಸುತ್ತ ನಿಂತು ಪಟ ತೆಗೆಸಿಕೊಂಡರು. ಹಿಂದೆ ದನಕರು, ನಡುವೆ ಆರ್ಗನ್. ಇದನ್ನು ಬೂಟಾಟಿಕೆ ಅನ್ನಲು ನನಗೆ ಮನಸ್ಸಿಲ್ಲ. ಚಿಂತೆ ಕೊಡಬಾರದೆಂಬ ಪ್ರೀತಿ ಎಷ್ಟೋ ಸಲ ಹೀಗೇ ಒಂದಿಷ್ಟು ಜಂಬದ ವೇಷ ಹಾಕಿಕೊಂಡು ಬರುತ್ತದೆ.

ಕ್ಯಾಮೆರಾದ ಗಾಜು ಅವರಿಗೆ ಒಂದು ಕಿಟಕಿ. ಅದರಾಚೆ ನಾಲ್ಕೂವರೆ ಸಾವಿರ ಮೈಲಿ ದೂರದಲ್ಲಿ ತಾಯಿ ಕೂತಿದ್ದಾಳೆ. ಆಕೆ ಹೋದ ಮೇಲೆ ಆ ಜಾಗ ಖಾಲಿಯಾಯಿತು. ಈಗ ಪಟ ಹಿಡಿದು ಕೂತ ಯಾರೇ ಆದರೂ, ಬೆಂಗಳೂರಿನವರಾಗಲಿ ಶಿಕಾಗೊದವರಾಗಲಿ, ತಿಳಿಯದೆಯೇ ಅವಳ ಜಾಗದಲ್ಲಿ ಕೂತಿರುತ್ತಾರೆ. ನಮ್ಮದಲ್ಲದ ಅಕ್ಕರೆಯೊಂದು ನಮ್ಮ ಮುಖದ ಮೇಲೆ ಬೀಳುತ್ತದೆ.

ಸಾಲಾಗಿ ನಿಂತ ಮಕ್ಕಳ ಹೆಸರಿನಲ್ಲಿಯೂ ಎಷ್ಟು ಜನ ಅಡಗಿದ್ದಾರೆ! ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು ಎಂಬುದು ಡೇನಿಷ್ ಹಳ್ಳಿಗಳ ಹಳೆಯ ಪದ್ಧತಿ. ನಮ್ಮ ಮನೆಗಳಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಳಿದು ಬರುವ ಹಾಗೆಯೇ. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಕೂಸಿಗೆ ಅದೇ ಹೆಸರು. ಹೆಂಡತಿ ಸತ್ತು ಗಂಡ ಮರುಮದುವೆಯಾದರೆ, ಹೊಸ ಹೆಂಡತಿಯ ಮೊದಲ ಹೆಣ್ಣುಮಗುವಿಗೆ ಸತ್ತವಳ ಹೆಸರಿಡುತ್ತಿದ್ದರು. ಆ ಎರಡನೆಯ ಹೆಂಡತಿ ದಿನಕ್ಕೆ ನೂರು ಸಲ, ಊಟಕ್ಕೆ ಬಾ, ಬಾಗಿಲು ಹಾಕು ಎಂದು ತನ್ನ ಮಗಳನ್ನು ಆ ಹೆಸರಿನಿಂದ ಕರೆಯುತ್ತಿದ್ದಳು. ಪಟದ ಎಡತುದಿಯಲ್ಲಿ ಜಡೆ ಹಾಕಿಕೊಂಡು ನಿಂತ ಹುಡುಗಿ ಬರೀ ಹುಡುಗಿಯಲ್ಲದೆ ಇರಬಹುದು.

ಊರಿನ ಚರ್ಚುಗಳು ಈ ಹೆಸರುಗಳನ್ನು ಕಾಯ್ದುಕೊಂಡ ಬಗೆ ನೆನೆದರೆ ಈಗಲೂ ಬೆರಗಾಗುತ್ತದೆ. ಜನನ, ಮದುವೆ, ಮರಣಗಳ ಪುಸ್ತಕ ಡೆನ್ಮಾರ್ಕಿನಲ್ಲಿ 1814ರಿಂದ ಎರಡೆರಡು ಪ್ರತಿ: ಒಂದು ಪಾದ್ರಿಯ ಬಳಿ, ಇನ್ನೊಂದು ಊರಿನ ಶಾಲೆ-ಚರ್ಚಿನ ಗುಮಾಸ್ತನ ಬಳಿ. ಎರಡೂ ಒಂದೇ ಸೂರಿನಡಿ ರಾತ್ರಿ ಕಳೆಯಕೂಡದೆಂದು ನಿಯಮ. ಬೆಂಕಿ ಬಿದ್ದರೆ ಒಂದಾದರೂ ಉಳಿಯಲಿ ಎಂದು. ಊರು ಬಿಟ್ಟವರ ಪಟ್ಟಿಯೂ 1875ರವರೆಗೆ ಅದರಲ್ಲಿತ್ತು. ಎಷ್ಟೋ ಬಡ ಕೂಲಿಗಳ ಬದುಕಿನ ಗುರುತು ಉಳಿದಿರುವುದು ಆ ಎರಡು ಪುಸ್ತಕಗಳಲ್ಲೇ.

ಅಮೆರಿಕದ ಕಡೆ ಅಂಥ ಕಾವಲು ಇರಲಿಲ್ಲ. ಡೇನರು ಬಲುಬೇಗ ಇಂಗ್ಲಿಷಿಗೆ ಹೊರಳಿದರು; ಹೊರಳದವರನ್ನು 1918ರಲ್ಲಿ ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಹೊರಳಿಸಿದ. ಶಾಲೆ, ಚರ್ಚು, ರೈಲು, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ಆತ ಆಜ್ಞೆ ಹೊರಡಿಸಿದ್ದ. ಜರ್ಮನರ ಮೇಲಿನ ಯುದ್ಧಕಾಲದ ಸಿಟ್ಟು, ಪೆಟ್ಟು ಬಿದ್ದದ್ದು ಡೇನರಿಗೂ. ಅಜ್ಜಿಯ ಕಾಗದಗಳು ಹಳೆಯ ಗಾಥಿಕ್ ಕೈಬರಹದಲ್ಲಿದ್ದವು. ಮೊಮ್ಮಕ್ಕಳಿಗೆ ಭಾಷೆಯೂ ಬರದು, ಅಕ್ಷರವೂ ಬರದು. ಪಟ ಉಳಿಯಿತು, ಹೇಳುವವರು ಹೋದರು.

ಆದರೆ ಸ್ಟುಡಿಯೊಗಳು ಪಟಗಳನ್ನು ಮಾರುತ್ತಿದ್ದುದು ಹೆಚ್ಚಾಗಿ ಡಜನ್ ಲೆಕ್ಕದಲ್ಲಿ. ಹಾಗಾಗಿ ಒಂದೇ ಪಟದ ಒಂದು ಪ್ರತಿ ಅಮೆರಿಕದ ಮನೆಯಲ್ಲಿ ಉಳಿದರೆ ಇನ್ನೊಂದು ತಾಯಿಯ ಊರಿಗೆ ಹೋಗುತ್ತಿತ್ತು. ಮನೆಯಲ್ಲಿ ಉಳಿದ ಪ್ರತಿಗೆ ಹೆಸರು ಬರೆಯುವ ಪ್ರಮೇಯ ಬರಲಿಲ್ಲ. ತಮ್ಮ ಮಕ್ಕಳು ಯಾರೆಂದು ಯಾರು ಬರೆದಿಟ್ಟುಕೊಳ್ಳುತ್ತಾರೆ? ಹಡಗು ಹತ್ತಿದ ಪ್ರತಿಯ ಮಾತು ಬೇರೆ. ಅದನ್ನು ಬಿಚ್ಚಿ ನೋಡುವ ಮುದುಕಿಗೆ ಮಗ ಗೊತ್ತು, ಸೊಸೆ ಗೊತ್ತಿಲ್ಲ, ಅಲ್ಲೇ ಹುಟ್ಟಿದ ಮೊಮ್ಮಕ್ಕಳಂತೂ ಗೊತ್ತೇ ಇಲ್ಲ. ಎಡದಿಂದ ಯಾರು ಯಾರು, ಯಾರಿಗೆ ಎಷ್ಟು ವಯಸ್ಸು ಎಂದು ಅವಳಿಗಾಗಿ ಹಿಂದೆ ಬರೆದಿರುವ ಸಂಭವ ಹೆಚ್ಚು. ಆದ್ದರಿಂದ ತಮ್ಮ ಅಟ್ಟದ ಪೆಟ್ಟಿಗೆಯನ್ನು ಮತ್ತೆ ಮತ್ತೆ ಕೆದಕುವುದಕ್ಕಿಂತ, ಡೆನ್ಮಾರ್ಕಿನ ಆಲ್ಬೋರ್ಗಿನಲ್ಲಿರುವ ವಲಸೆಯ ಪತ್ರಾಗಾರಕ್ಕೋ ಜಟ್ಲ್ಯಾಂಡಿನಲ್ಲಿ ಉಳಿದಿರುವ ದೂರದ ದಾಯಾದಿಗಳಿಗೋ ಬರೆದು ಕೇಳುವುದು ಅಯೋವಾದ ಮರಿಮಕ್ಕಳಿಗೆ ಒಳ್ಳೆಯ ದಾರಿ. ಪಟದ ಮುಂಬದಿ ನಮ್ಮಲ್ಲೂ ಇದೆ, ದಯವಿಟ್ಟು ಹಿಂಬದಿಯನ್ನು ಸ್ಕ್ಯಾನ್ ಮಾಡಿ ಕಳಿಸಿ ಎಂದು.