ಮಾರುವವನ ಮೌನ

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವುದು ಸುಲಭ. ಇಪ್ಪತ್ತೆಂಟು ವರ್ಷಗಳಿಂದ ನಾನು ಅದನ್ನು ಕಲಿಸುತ್ತ ಬಂದಿದ್ದೇನೆ. ಆದರೆ ಸುಮ್ಮನಿರುವುದರ ಬಗ್ಗೆ ಏನು ಕಲಿಸಬೇಕು? ಕೇಳಿದರೆ ನಿಜ ಹೇಳುತ್ತೇನೆ, ಕೇಳದಿದ್ದರೆ ಬಾಯಿ ಬಿಡುವುದಿಲ್ಲ ಎನ್ನುವವನು ಸುಳ್ಳುಗಾರನೋ, ಬರೀ ಜಾಣನೋ? ನಾವು ಬಳಸಿದ ವಸ್ತುವೊಂದನ್ನು ಮತ್ತೊಬ್ಬರಿಗೆ ಮಾರಲು ಹೊರಟಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನನ್ನ ಮಟ್ಟಿಗೆ ಅದು ಒಂದು ದೋಣಿಯ ರೂಪದಲ್ಲಿ ಎದುರಾಯಿತು.

2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹತ್ತು ಸಾವಿರ ಕೆರೆಗಳ ನಾಡೆಂದು ತನ್ನನ್ನು ಕರೆದುಕೊಳ್ಳುವ ರಾಜ್ಯ ಅದು. ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದೇ ಮಾತು. ಅಳಿಯಂದಿರ ಹತ್ತಿರ ಒಂದು ವೇಕ್‌ಬೋರ್ಡ್ ದೋಣಿ ಇತ್ತು. ವೇಕ್‌ಬೋರ್ಡ್ ಎಂದರೆ ಕಾಲಿಗೆ ಬಿಗಿದುಕೊಳ್ಳುವ ಒಂದು ಹಲಗೆ. ದೋಣಿ ಎಳೆಯುವ ಹಗ್ಗ ಹಿಡಿದು ಅದರ ಮೇಲೆ ನಿಂತವರು, ದೋಣಿಯ ಹಿಂದೆ ಏಳುವ ಅಲೆಯಿಂದಲೇ ಚಿಮ್ಮಿ ಗಾಳಿಗೆ ಹಾರುತ್ತಾರೆ. ಅಲೆ ದೊಡ್ಡದಾದಷ್ಟೂ ಹಾರಾಟ ಎತ್ತರ. ಅಲೆ ದೊಡ್ಡದಾಗಬೇಕಾದರೆ ದೋಣಿಯ ಹಿಂಭಾಗ ನೀರಿನಲ್ಲಿ ಆಳಕ್ಕೆ ಕೂರಬೇಕು. ಅದಕ್ಕಾಗಿ ದೋಣಿಯೊಳಗೆ ದೊಡ್ಡ ಚೀಲಗಳನ್ನಿಟ್ಟು, ಪಂಪು ಹಾಕಿ, ಕೆರೆಯ ನೀರನ್ನೇ ಒಳಗೆ ತುಂಬಿಕೊಳ್ಳುತ್ತಾರೆ! ತುಂಗಭದ್ರೆಯಲ್ಲಿ ಹರಿಗೋಲು ಹತ್ತಿ ಬೆಳೆದ ನನಗೆ, ಒಳಗೆ ಬಂದ ನೀರನ್ನು ಹೊರಗೆ ಚೆಲ್ಲುವುದಷ್ಟೇ ಗೊತ್ತಿತ್ತು.

ದೋಣಿಯನ್ನು ಹಳೆಯದಾಗಿಯೇ ಕೊಂಡದ್ದು. ಆಮೇಲೆ ನಾಲ್ಕು ಚಳಿಗಾಲ, ಕೆರೆಗಳೆಲ್ಲ ಹೆಪ್ಪುಗಟ್ಟಿರುವಾಗ, ಅಳಿಯಂದಿರು ಗ್ಯಾರೇಜಿನಲ್ಲಿ ಅದರ ಪಕ್ಕದಲ್ಲೇ ಕಳೆದಿದ್ದರು. ಹಗ್ಗ ಕಟ್ಟಲು ಎತ್ತರದ ಅಲ್ಯೂಮಿನಿಯಂ ಕಮಾನು, ಅದರ ಮೇಲೆ ಸ್ಪೀಕರುಗಳು, ದೀಪಗಳು, ಸೀಟುಗಳಿಗೆ ಹೊಸ ಹೊದಿಕೆ, ಭಾರ ಹೆಚ್ಚಾದಾಗ ಎಂಜಿನ್ ಏದುಸಿರು ಬಿಡದಂತೆ ಬೇರೆ ಪ್ರೊಪೆಲರ್. ಹಿಂಬದಿಯ ಎರಡು ಚೀಲಗಳು ಒಂದೊಂದೂ 340 ಲೀಟರ್ ಹಿಡಿಯುತ್ತವೆ. ಲೀಟರಿಗೆ ಒಂದು ಕಿಲೋ ಲೆಕ್ಕ ಹಾಕಿದರೆ 680 ಕಿಲೋ, ಎಂದರೆ 68 ಕಿಲೋ ತೂಕದ ಹತ್ತು ಜನ ಕಾಣದಂತೆ ಕುಳಿತ ಹಾಗೆ.

ಪಂಪಿಗೆ ನೀರು ಬರಬೇಕಾದರೆ ದೋಣಿಯ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ತೂತು ಕೊರೆಯಬೇಕು. ಎರಡು ಪಂಪಿಗೆ ಎರಡು ತೂತು. ಆದರೆ ಮೊದಲು ಕೊರೆದ ಒಂದು ಜಾಗ ತಪ್ಪಿ ಬಿದ್ದಿತ್ತು. ಅದನ್ನು ಫೈಬರ್‌ಗ್ಲಾಸ್ ಬಟ್ಟೆಯಿಂದಲೂ ಎಪಾಕ್ಸಿ ಅಂಟಿನಿಂದಲೂ ಮುಚ್ಚಿ, ಉಜ್ಜಿ, ಬಣ್ಣ ಬಳಿದು, ಪಕ್ಕದಲ್ಲಿ ಇನ್ನೊಂದು ಕೊರೆದರು. ಮೂರು ಬೇಸಿಗೆ ಅಲ್ಲಿಂದ ಒಂದು ಹನಿಯೂ ಜಿನುಗಿರಲಿಲ್ಲ. ಬೆರಳಾಡಿಸಿ ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಎರಡನೆಯ ಮಗುವಾದ ಮೇಲೆ ದೋಣಿ ಮಾರುವುದೆಂದು ನಿಶ್ಚಯವಾಯಿತು. ಅಳಿಯಂದಿರು ತಯಾರಿಸಿದ ಪಟ್ಟಿಯಲ್ಲಿ ಸೇರಿಸಿದ್ದೆಲ್ಲ ಇತ್ತು: ಸ್ಪೀಕರಿನ ಹೆಸರು, ಪ್ರೊಪೆಲರಿನ ಅಳತೆ, ಪ್ರತಿಯೊಂದರ ಖರ್ಚು. ಮುಚ್ಚಿದ ತೂತು ಇರಲಿಲ್ಲ. ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಅತ್ತೆ, ಕೇಳಿದರೆ ಖಂಡಿತ ಹೇಳುತ್ತೇನೆ. ಸೋರದೆ ಇರುವುದನ್ನು ನಾನಾಗಿ ಹೇಳಿ ಕೊಳ್ಳುವವರನ್ನು ಯಾಕೆ ಹೆದರಿಸಲಿ?” ಎಂದರು. ತೆಗೆದುಹಾಕುವಂಥ ಮಾತಲ್ಲ ಇದು. ನನಗೂ ಒಡನೆ ಉತ್ತರ ಹೊಳೆಯಲಿಲ್ಲ.

ಇದು ಬಹಳ ಹಳೆಯ ಜಗಳ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ತನ್ನ ಮಗನಿಗೆಂದು ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಇಬ್ಬರು ಸ್ಟೋಯಿಕ್ ಪಂಡಿತರ ವಾದವನ್ನು ಎದುರುಬದುರು ಇಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವರ್ತಕನಿಗೆ, ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೆ? ಮರೆಮಾಚುವುದು ಬೇರೆ, ಸುಮ್ಮನಿರುವುದು ಬೇರೆ. ತನಗೆ ತಿಳಿದದ್ದನ್ನೆಲ್ಲ ಹೇಳುವ ಹೊಣೆ ಮಾರುವವನಿಗಿಲ್ಲ ಎನ್ನುತ್ತಾನೆ ಡಯೋಜನೀಸ್. ಮನುಷ್ಯ ಮನುಷ್ಯನ ನಡುವೆ ಪ್ರಕೃತಿಯೇ ನಂಟು ಹಾಕಿರುವಾಗ ಬಚ್ಚಿಡುವ ಹಕ್ಕು ಎಲ್ಲಿಂದ ಬಂತು ಎನ್ನುತ್ತಾನೆ ಆಂಟಿಪೇಟರ್. ನಂಟಿನ ಮಾತು ಹಿಡಿದರೆ ಮಾರುವುದೇ ಬೇಡ, ಸುಮ್ಮನೆ ಕೊಟ್ಟುಬಿಡಬೇಕಾದೀತು ಎಂದು ಡಯೋಜನೀಸನ ಮರುಪೆಟ್ಟು. ಕೊನೆಗೆ ಸಿಸೆರೋ ಹೇಳಬೇಕೆನ್ನುವ ಪಕ್ಷವನ್ನೇ ಹಿಡಿಯುತ್ತಾನೆ.

ನಮ್ಮ ದೇಶದ 1872ರ ಕರಾರು ಕಾಯ್ದೆ ಹೆಚ್ಚಾಗಿ ಡಯೋಜನೀಸನ ಕಡೆಗಿದೆ. ವಂಚನೆಯನ್ನು ವಿವರಿಸುವ ಅದರ 17ನೆಯ ಕಲಮಿನ ಕೆಳಗಿರುವ ಉದಾಹರಣೆಗಳಲ್ಲಿ ಎರಡು ಹೀಗಿವೆ. ತನ್ನ ಕುದುರೆಗೆ ಐಬಿದೆಯೆಂದು ತಿಳಿದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ, ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನದೇ ಮಗಳಾಗಿದ್ದು, ಆಗತಾನೆ ಪ್ರಾಯಕ್ಕೆ ಬಂದವಳಾಗಿದ್ದರೆ, ಹೇಳುವುದು ಅವನ ಕರ್ತವ್ಯ! ಮಿನ್ನೆಸೋಟದ ದೋಣಿಗೆ ನಮ್ಮ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಮಗಳಿಗಾದರೆ ಹೇಳಬೇಕು, ಊರವರ ಮಗಳಿಗಾದರೆ ಬೇಡ ಎಂಬ ಗೆರೆ ನನ್ನನ್ನು ಬಿಡಲಿಲ್ಲ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಮನಸ್ಸು ಅಲ್ಲೇ ನಿಲ್ಲಬೇಕೆಂದಿಲ್ಲ.

ನಮ್ಮ ಕಡೆಯ ದನದ ಸಂತೆಯಲ್ಲಿ ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಕಣ್ಣಿದ್ದವನು ನೋಡಿಕೊಳ್ಳಲಿ ಎಂಬ ಮಾತಿಗೆ ಅಲ್ಲಿ ಸ್ವಲ್ಪವಾದರೂ ಅರ್ಥವಿದೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ದೋಣಿಗೂ ಒಂದು ಕೈಪಿಡಿ ಇರುತ್ತದೆ. ಆದರೆ ಯಜಮಾನನೇ ಬಿಚ್ಚಿ, ಕೊರೆದು, ಜೋಡಿಸಿದ ದೋಣಿಗೆ ಕೈಪಿಡಿ ಎಲ್ಲಿದೆ? ಯಾವ ತಂತಿ ಎಲ್ಲಿ ಹೋಗಿದೆ, ತಳದಲ್ಲಿ ಎಲ್ಲೆಲ್ಲಿ ಉಳಿ ಆಡಿದೆ ಎಂಬುದು ಅವನ ನೆನಪಿನಲ್ಲಷ್ಟೇ ಇದೆ. ಆ ನೆನಪೂ ದೋಣಿಯ ಒಂದು ಭಾಗ. ಅದನ್ನು ತನ್ನ ಬಳಿಯೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರೆ, ಬೀಗ ಮಾರಿ ಬೀಗದ ಕೈ ಉಳಿಸಿಕೊಂಡಂತಾಯಿತು.

ಇನ್ನೂ ಒಂದು ಮಾತಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ತಾವೇ ಕೈಯಾರೆ ಮಾಡಿದ್ದಕ್ಕೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆಂಬುದನ್ನು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿ, ಬಿಡಿಭಾಗಗಳಲ್ಲಿ ಪೀಠೋಪಕರಣ ಮಾರುವ ಕಂಪನಿಯ ಹೆಸರಿನಿಂದ ಅದನ್ನು ‘ಐಕಿಯಾ ಪರಿಣಾಮ’ ಎಂದು ಕರೆಯಿತು. ಅಳಿಯಂದಿರು ಕೇಳುತ್ತಿದ್ದ ಬೆಲೆಯಲ್ಲೂ ನಾಲ್ಕು ಚಳಿಗಾಲದ ದುಡಿಮೆ ಸೇರಿತ್ತು. ಕೇಳಲಿ, ತಪ್ಪಿಲ್ಲ. ಆದರೆ ‘ಇದು ನನ್ನ ಕೈಕೆಲಸ’ ಎಂದು ಕಮಾನಿಗೆ ಬೆಲೆ ಕೇಳುವ ಬಾಯಿ, ಅದೇ ಕೈಯ ತೂತಿಗೆ ಬಂದಾಗ ಮುಚ್ಚಿಕೊಳ್ಳಬಹುದೆ? ಕೈಯ ಹೆಮ್ಮೆ ಬೇಕಾದವನಿಗೆ ಕೈಯ ಲೆಕ್ಕವೂ ಸೇರುತ್ತದೆ.

ಹಾಗಾದರೆ ಮಾರುವವನು ಎಲ್ಲವನ್ನೂ ಹೇಳಬೇಕೆ? ಬೇಡ. ತಾನು ಎಷ್ಟಕ್ಕೆ ಕೊಂಡೆ, ಈಗ ಮಾರುವ ಅವಸರ ಎಷ್ಟಿದೆ, ಪಕ್ಕದ ಊರಿನಲ್ಲಿ ಇಂಥದೇ ದೋಣಿ ಅಗ್ಗಕ್ಕೆ ಸಿಗುತ್ತದೆಯೆ ಎಂಬುದು ಅವನ ಪಾಡು. ಅಷ್ಟರಮಟ್ಟಿಗೆ ಡಯೋಜನೀಸ್ ಸರಿ. ಹರಿದ ಸೀಟನ್ನು ಕೊಳ್ಳುವವನೇ ನೋಡಿಕೊಳ್ಳಬಲ್ಲ. ಆದರೆ ತನಗೊಬ್ಬನಿಗೇ ಗೊತ್ತಿರುವ, ಎಷ್ಟು ನೋಡಿದರೂ ಕಾಣದ, ಜೀವಕ್ಕೆ ಸಂಬಂಧಿಸಿದ ಸಂಗತಿ ಚೌಕಾಸಿಯ ವಸ್ತುವಲ್ಲ. ಆ ದೋಣಿಯಲ್ಲಿ ಕೂರುವ ಮಕ್ಕಳು ಯಾರ ಹತ್ತಿರವೂ ಚೌಕಾಸಿ ಮಾಡಿರುವುದಿಲ್ಲ.

ಅಳಿಯಂದಿರಿಗೆ ನಾನು ಇಷ್ಟೆಲ್ಲ ಉಪನ್ಯಾಸ ಕೊಡಲಿಲ್ಲ. ಕೊಳ್ಳುವವಳು ನಿಮ್ಮ ಮಗಳಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮರುದಿನ ಪಟ್ಟಿಯ ಕೊನೆಯಲ್ಲಿ ಎರಡು ಸಾಲು ಸೇರಿದ್ದವು. ಒಂದು, ಮುಚ್ಚಿದ ತೂತಿನ ಜಾಗ. ಇನ್ನೊಂದು, ತಯಾರಕರ ಫಲಕದಲ್ಲಿ ಬರೆದ ಜನರ ಲೆಕ್ಕ ಹೆಚ್ಚುವರಿ ಚೀಲಗಳಿಲ್ಲದ ಕಾಲದ್ದು, ಅವು ತುಂಬಿದಾಗ ಅಷ್ಟು ಜನ ಹತ್ತಬಾರದು ಎಂಬುದು. ಮೊದಲು ಬಂದ ಗಿರಾಕಿ ಅದನ್ನು ಓದಿ ಹೊರಟುಹೋದ. ಎರಡನೆಯವರು ಗಂಡ ಹೆಂಡತಿ. ತಳವನ್ನು ಮೆಕ್ಯಾನಿಕ್ಕಿಗೆ ತೋರಿಸಿ, ಎರಡು ಸಾವಿರ ಡಾಲರ್ ಕಡಿಮೆಗೆ ಕೊಂಡರು.

ಸತ್ಯಕ್ಕೆ ಬಹುಮಾನ ಸಿಕ್ಕಿತೆಂದು ಮಕ್ಕಳ ಕಥೆಯ ಹಾಗೆ ಮುಗಿಸಲು ಇಲ್ಲಿ ಅವಕಾಶವಿಲ್ಲ. ಎರಡು ಸಾವಿರ ಡಾಲರ್ ಹೋದದ್ದು ಹೋಯಿತು, ಆ ನಷ್ಟ ಅಳಿಯಂದಿರಿಗೆ ನೋವನ್ನೂ ತಂದಿತು. ಮೌನಕ್ಕೆ ಬೆಲೆ ಇರುವುದರಿಂದಲೇ ತಾನೆ ನಾವು ಅದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡದಿರುವುದು? ಆ ಬೆಲೆಯನ್ನು ಯಾರು ತೆರಬೇಕು ಎಂಬುದೊಂದೇ ಉಳಿಯುವ ಪ್ರಶ್ನೆ. ತೂತು ಕೊರೆದವನೋ, ಗೊತ್ತಿಲ್ಲದೆ ಅದರ ಮೇಲೆ ಕುಳಿತವನೋ?